ಕಲ್ಲಿನ ಮೇಲೆ ಒಂದು ಬಿಂದಿಗೆ ನೀರು

ಹಲವರು ಕೂಡಿ ಬಾಳುವ ಮನೆಗಳಲ್ಲಿ, ಅದರಲ್ಲಿಯೂ ಬಟ್ಟೆ ಒಗೆಯುವ ಜಾಗದಲ್ಲಿ, ಒಬ್ಬರೊಡನೊಬ್ಬರು ನಡೆದುಕೊಳ್ಳಬೇಕಾದ ಮರ್ಯಾದೆಯನ್ನು ಕುರಿತು ಹದಿನೈದು ನಿಮಿಷ ಮಾತನಾಡಬೇಕೆಂದು ಬಾನುಲಿಯ ಮಿತ್ರರು ಕೇಳಿದಾಗ ನನಗೆ ಮೊದಲು ನಗು ಬಂತು. ಮೂವತ್ತೈದು ವರ್ಷ ಪಂಪ ರನ್ನರನ್ನು ಪಾಠ ಹೇಳಿದವನಿಗೆ ಕಟ್ಟಕಡೆಗೆ ದಕ್ಕಿದ ವಿಷಯ ಬಚ್ಚಲ ಹಿಂದಿನ ಒಗೆಯುವ ಕಲ್ಲು! ಮನೆಯಾಕೆಗೆ ಹೇಳಿದೆ. "ಆ ವಿಷಯ ನಿಮಗೆ ಯಾಕೆ ಕೊಟ್ಟರು? ನಿಮ್ಮ ಬಟ್ಟೆಯನ್ನು ನೀವು ಒಗೆದುಕೊಂಡು ಎಷ್ಟು ವರ್ಷವಾಯಿತು?" ಎಂದಳು. ಪ್ರಶ್ನೆ ನ್ಯಾಯವಾದದ್ದೇ. ಲೆಕ್ಕ ಹಾಕಿ ನೋಡಿದೆ. ನಮ್ಮ ಮದುವೆಯಾದದ್ದು 1989ರಲ್ಲಿ. ಅದಕ್ಕೆ ಹಿಂದಿನ ಎಂಟು ವರ್ಷ, ಮೊದಲು ಮೈಸೂರಿನ ವಿದ್ಯಾರ್ಥಿನಿಲಯದಲ್ಲಿ, ಆಮೇಲೆ ಗುಂಡ್ಲುಪೇಟೆಯ ಬಾಡಿಗೆಮನೆಯಲ್ಲಿ, ನನ್ನ ಬಟ್ಟೆಯನ್ನು ನಾನೇ ಒಗೆದುಕೊಂಡಿದ್ದೇನೆ. ಈ ವಿಷಯದಲ್ಲಿ ನನಗಿರುವ ಅಧಿಕಾರ ಅಷ್ಟೇ.

ನಾನು ಹುಟ್ಟಿ ಬೆಳೆದದ್ದು ಚಾಮರಾಜನಗರದ ಒಂದು ವಠಾರದಲ್ಲಿ. ಅರಿಕುಠಾರವೆಂಬ ಹಳೆಯ ಊರಿಗೆ ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ತಮ್ಮ ತಂದೆಯ ಹೆಸರನ್ನಿಟ್ಟು, 1826ರಲ್ಲಿ ಚಾಮರಾಜೇಶ್ವರನ ಗುಡಿಯನ್ನು ಕಟ್ಟಿಸಿದರಷ್ಟೆ. ಆ ಗುಡಿಯ ಗಂಟೆ ಕೇಳಿಸುವಷ್ಟು ದೂರದಲ್ಲಿತ್ತು ನಮ್ಮ ವಠಾರ. ಏಳು ಮನೆ, ಒಂದು ಬಾವಿ, ಎರಡು ಬಚ್ಚಲು, ಒಂದೇ ಒಂದು ಒಗೆಯುವ ಕಲ್ಲು. ಕಲ್ಲೆಂದರೆ ಚಪ್ಪಡಿ; ನಡು ಸವೆದು ಹಳ್ಳವಾಗಿ ಎಮ್ಮೆಯ ಬೆನ್ನಿನಂತೆ ನುಣುಪಾಗಿತ್ತು. ಏಳು ಮನೆಗಳಲ್ಲಿ ಮೂವತ್ತೆಂಟು ಜನ. ಇಂದಿನ ಲೆಕ್ಕದಲ್ಲಿ ಇದು ಯುದ್ಧಕ್ಕೆ ಸಾಕಾದ ಕಾರಣ. ಆದರೆ ಯುದ್ಧಗಳು ಬಹಳ ನಡೆಯಲಿಲ್ಲ. ಎಲ್ಲಿಯೂ ಬರೆದಿಡದ ಒಂದು ಶಾಸನ ಅಲ್ಲಿ ಜಾರಿಯಲ್ಲಿತ್ತು.

ಬಾವಿಯ ಹಗ್ಗವನ್ನು ಸೇದಿದವರೇ ಸುತ್ತಿಡಬೇಕು. ಒದ್ದೆ ಹಗ್ಗವನ್ನು ನೆಲದ ಮೇಲೆ ಬಿಟ್ಟರೆ ಮುಂದೆ ಬಂದವರ ಕೈಗೆ ಮಣ್ಣು. ಕೂಸಿರುವ ಮನೆಯವರಿಗೆ ಕಲ್ಲು ಮೊದಲು. ಬಟ್ಟೆಯನ್ನು ಬಾವಿಯ ಕಡೆಗೆ ಬೀಸಿ ಒಗೆಯಬಾರದು, ಗೋಡೆಯ ಕಡೆಗೆ ಬೀಸಬೇಕು. ಹನಿಯುವ ಸೀರೆಯನ್ನು ಇನ್ನೊಬ್ಬರ ಒಣಗಿದ ಬಟ್ಟೆಯ ಪಕ್ಕದಲ್ಲಿ ಹರವಬಾರದು. ಮಳೆ ಬಂದರೆ ಯಾರ ಮನೆಯಲ್ಲಿ ಯಾರಿದ್ದಾರೆಂದು ನೋಡದೆ ಎಲ್ಲರ ಬಟ್ಟೆಯನ್ನೂ ಎಳೆದು ಒಳಗೆ ಹಾಕಬೇಕು. ಸೋಪನ್ನು ಕಲ್ಲಿನ ಮೇಲೆ ಬಿಟ್ಟುಹೋಗಬಾರದು ಎಂಬುದು ಮಾತ್ರ ಮನುಷ್ಯರ ಮೇಲಿನ ಸಂಶಯದಿಂದ ಹುಟ್ಟಿದ ನಿಯಮವಲ್ಲ, ಕಾಗೆಯ ಮೇಲಿನ ಸಂಶಯದಿಂದ ಹುಟ್ಟಿದ್ದು. ನಮ್ಮ ತಾಯಿಯ ಅರ್ಧ ತುಂಡು ಸೋಪು ಪಕ್ಕದ ಬೀದಿಯ ಹೆಂಚಿನ ಮೇಲೆ ಸಿಕ್ಕಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಈ ಶಾಸನಕ್ಕೆ ವರ್ಷಕ್ಕೊಮ್ಮೆ ಪರೀಕ್ಷೆ ಬರುತ್ತಿತ್ತು. ಬೇರೆಲ್ಲ ಊರುಗಳಲ್ಲಿ ಆಷಾಢ ಶುಭಕಾರ್ಯಗಳಿಗೆ ಬಿಡುವಾದರೆ ನಮ್ಮೂರಿನಲ್ಲಿ ಆಷಾಢದಲ್ಲಿಯೇ ತೇರು. ಅತ್ತೆ ಸೊಸೆ ಒಂದೇ ಬಾಗಿಲು ದಾಟಬಾರದೆಂದು ತವರಿಗೆ ಹೋದ ಹೊಸ ಮದುವಣಗಿತ್ತಿ ತೇರಿನ ನೆಪದಲ್ಲಿ ಗಂಡನ ಮುಖ ನೋಡಲು ಇಲ್ಲಿಗೆ ಬರುತ್ತಾಳೆ; ಹಣ್ಣು ಜವನ ಎಸೆಯುವುದು ದೇವರಿಗೆ, ಕಣ್ಣು ಹಾಯಿಸುವುದು ಇನ್ನೆಲ್ಲಿಗೋ. 2017ರಲ್ಲಿ ತೇರಿಗೆ ಬೆಂಕಿ ಬಿದ್ದು ಕೆಲವು ವರ್ಷ ನಿಂತಿದ್ದ ಉತ್ಸವ 2022ರಲ್ಲಿ ಹೊಸ ತೇರಿನೊಡನೆ ಮತ್ತೆ ನಡೆದಾಗ ಊರಿಗೆ ಊರೇ ಕಣ್ಣೊರೆಸಿಕೊಂಡಿತು. ಅದಿರಲಿ. ತೇರಿನ ಮಾರನೆಯ ದಿನ ನಮ್ಮ ವಠಾರದಲ್ಲಿ ಮೂವತ್ತೆಂಟು ಜನ ನೂರಾಗಿರುತ್ತಿದ್ದರು. ಆ ಬೆಳಿಗ್ಗೆ ಕಲ್ಲಿನ ಮುಂದೆ ಬಕೆಟ್ಟುಗಳ ಸಾಲು ಬಾವಿಯನ್ನು ಸುತ್ತುತ್ತಿತ್ತು. ಬಕೆಟ್ಟನ್ನಿಟ್ಟು ಹೋದವರ ಸರದಿಯನ್ನು ಯಾರೂ ಕದಿಯುತ್ತಿರಲಿಲ್ಲ. ತಗಡಿನ ಬಕೆಟ್ಟಿಗೂ ಮನುಷ್ಯರಿಗಿರುವಷ್ಟೇ ಹಕ್ಕು ಎಂದು ನಮ್ಮ ತಾಯಿ ಹೇಳುತ್ತಿದ್ದರು.

ಇಷ್ಟನ್ನು ಕೇಳಿ, ಹಿಂದಿನ ಕಾಲವೇ ಚೆನ್ನಾಗಿತ್ತು ಎಂದು ನಿಟ್ಟುಸಿರು ಬಿಡುವ ಕೇಳುಗರು ಇರಬಹುದು. ಸ್ವಲ್ಪ ತಾಳಬೇಕು. ಹಗ್ಗದ ಮೇಲೆ ನಾವು ಬಟ್ಟೆ ಒಣಹಾಕುತ್ತಿದ್ದೆವು. ಹಗ್ಗಕ್ಕಿಂತ ಎತ್ತರದಲ್ಲಿ, ಸೂರಿನ ಕೆಳಗೆ, ಒಂದು ಬಿದಿರಿನ ಗಳು ತೂಗುತ್ತಿತ್ತು. ಅದರ ಮೇಲೆ ಕೋಲಿನಿಂದ ಎತ್ತಿ ಹರವಿದ ಬಟ್ಟೆ ಮಡಿಯ ಬಟ್ಟೆ. ಅದನ್ನು ಮಕ್ಕಳು ಮುಟ್ಟಬಾರದು, ನೆರೆಯವರು ಮುಟ್ಟಬಾರದು, ಹಾಕಿದವರೂ ಸ್ನಾನವಿಲ್ಲದೆ ಮುಟ್ಟಬಾರದು. ಕನ್ನಡದಲ್ಲಿ 'ಮಡಿ' ಎಂದರೆ ಒಗೆದ ಬಟ್ಟೆ. ಮಡಿ ಎಂದರೆ ಶುದ್ಧಿ. ಮಡಿ ಎಂದರೆ ಮುಟ್ಟಬೇಡ. ಒಂದೇ ಎರಡಕ್ಷರದ ಶಬ್ದ ಬಚ್ಚಲಿನಿಂದ ದೇವರ ಮನೆಗೆ, ದೇವರ ಮನೆಯಿಂದ ಬೀದಿಗೆ ನಡೆದುಬಂದ ದಾರಿಯನ್ನು ನಾನು ತರಗತಿಯಲ್ಲಿ ಅರ್ಥವಿಸ್ತಾರಕ್ಕೆ ಉದಾಹರಣೆಯೆಂದು ಹೇಳುತ್ತಿದ್ದೆ. ಅದು ವಿಸ್ತಾರವೋ ಸಂಕೋಚವೋ ಎಂದು ಒಬ್ಬ ವಿದ್ಯಾರ್ಥಿಯೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ.

ಮಡಿಯ ಬಟ್ಟೆಯನ್ನು ಮಡಿಯಾಗಿಸುತ್ತಿದ್ದವನು ಮಾತ್ರ ಹಿತ್ತಿಲ ಬಾಗಿಲಿನಿಂದ ಒಳಗೆ ಬರುವ ಹಾಗಿರಲಿಲ್ಲ. ದೊಡ್ಡ ಬಟ್ಟೆಗಳನ್ನು, ಜಮಖಾನ ದುಪ್ಪಟಿಗಳನ್ನು ಒಯ್ಯಲು ಹದಿನೈದು ದಿನಕ್ಕೊಮ್ಮೆ ಅಗಸರ ದಂಪತಿಗಳು ಬರುತ್ತಿದ್ದರು. ಏಳು ಮನೆಯ ಬಟ್ಟೆಯೂ ಒಂದೇ ಗಂಟು. ಕೆರೆಯ ದಂಡೆಯಲ್ಲಿ ಚೌಳು ಮಣ್ಣಿನ ನೀರಿನಲ್ಲಿ ನೆನೆಸಿ ಒಂದೇ ಹಂಡೆಯ ಮೇಲೆ ಉಬ್ಬೆ ಹಾಕುವಾಗ ಊರಿನ ಎಲ್ಲ ಬೀದಿಗಳ ಬಟ್ಟೆಯೂ ಒಂದರ ಮೈಗೊಂದು ಅಂಟಿಕೊಂಡು ಬೇಯುತ್ತಿತ್ತು. ಕರಿಗೇರಿನ ಬೀಜದ ಕಪ್ಪು ರಸದಿಂದ ಅಂಚಿನಲ್ಲಿ ಹಾಕಿದ ಗುರುತು, ಎರಡು ಚುಕ್ಕೆಯೋ ಒಂದು ಅಡ್ಡಗೀಟೋ, ಮತ್ತೆ ಅವನ್ನು ಬೇರೆ ಬೇರೆ ಮಾಡಿ ಅವುಗಳ ಮನೆ ಸೇರಿಸುತ್ತಿತ್ತು. ಮನೆಗೆ ಬಂದ ಮೇಲೆ ನಮ್ಮ ಅಜ್ಜಿ ಅವುಗಳ ಮೇಲೆ ನೀರು ಚಿಮುಕಿಸುತ್ತಿದ್ದರು. ಉಬ್ಬೆಯ ವಿಷಯ ಅಜ್ಜಿಗೆ ತಿಳಿದಿರಲಿಲ್ಲವೆಂದು ನಾನು ನಂಬಲಾರೆ.

ಮೈಸೂರಿನ ವಿದ್ಯಾರ್ಥಿನಿಲಯದ ದಿನಗಳನ್ನು ಕುರಿತು ಹೇಳಬೇಕಾದ್ದು ಹೆಚ್ಚಿಲ್ಲ. ಅಲ್ಲಿ ಉದ್ದನೆಯ ಸಿಮೆಂಟಿನ ತೊಟ್ಟಿ ಇತ್ತು, ಎಂಟು ನಲ್ಲಿಗಳಿದ್ದವು, ಯಾವ ಮರ್ಯಾದೆಯೂ ಇರಲಿಲ್ಲ. ಒಣಹಾಕಿದ ಅಂಗಿ ಯಾರ ಮೈಮೇಲಾದರೂ ಸಂಜೆಯ ತಿರುಗಾಟಕ್ಕೆ ಹೋಗಿ ರಾತ್ರಿ ಮರಳುತ್ತಿತ್ತು. ನಮಗದು ಆಗ ಸಮಾನತೆಯೆಂದು ತೋರಿತು.

1985ರಲ್ಲಿ ಗುಂಡ್ಲುಪೇಟೆಯ ಕಾಲೇಜೊಂದಕ್ಕೆ ಅಧ್ಯಾಪಕನಾಗಿ ಹೋದೆ. ಆಗ ಅದು ಮೈಸೂರು ಜಿಲ್ಲೆಯ ತಾಲ್ಲೂಕು. ಚಾಮರಾಜನಗರ ಜಿಲ್ಲೆಯಾದದ್ದು 1997ರಲ್ಲಿ. ಊಟಿಯ ಕಡೆಗೂ ಕೇರಳದ ಕಡೆಗೂ ರಸ್ತೆ ಕವಲೊಡೆಯುವ ಊರು. ಬಂಡೀಪುರದ ಕಾಡಿನಲ್ಲಿ ರಾತ್ರಿಯ ಸಂಚಾರ ನಿಂತದ್ದು 2009ರಲ್ಲಿ. ಅಂದಿನ ದಿನಗಳಲ್ಲಿ ಲಾರಿಗಳು ಇಡೀ ರಾತ್ರಿ ಹರಿಯುತ್ತಿದ್ದವು. ರಸ್ತೆಗೆ ಎರಡು ಮನೆ ಹಿಂದೆ ನನಗೊಂದು ಕೋಣೆ ಸಿಕ್ಕಿತು. ಮುಂದಿನ ಭಾಗದಲ್ಲಿ ಮನೆಯೊಡತಿ, ವಯಸ್ಸಾದ ವಿಧವೆ. ಹಿತ್ತಿಲ ಬದಿಯಲ್ಲಿ ಎರಡು ಕೋಣೆ, ಒಂದು ನನ್ನದು. ಇನ್ನೊಂದಕ್ಕೆ ಆರು ತಿಂಗಳ ಮೇಲೆ ಆರೋಗ್ಯ ಇಲಾಖೆಯ ಒಬ್ಬ ನರ್ಸಮ್ಮ ಬಂದರು, ಐದು ವರ್ಷದ ಮಗಳೊಡನೆ. ಕೋಣೆ ಕೊಡುವಾಗ ಮನೆಯೊಡತಿ ಸರಕಾರಿ ಕೆಲಸವೆಂಬುದನ್ನು ಕೇಳಿದ್ದರು, ಉಳಿದದ್ದನ್ನು ಕೇಳುವುದಕ್ಕೆ ಮರೆತಿದ್ದರು. ವಾರ ಕಳೆಯುವುದರೊಳಗೆ ಉಳಿದದ್ದು ಯಾರ ಬಾಯಿಂದಲೋ ತಾನಾಗಿ ಬಂತು.

ಮನೆಯೊಡತಿ ಏನೂ ಅನ್ನಲಿಲ್ಲ. ಕೋಣೆ ಬಿಡಿಸಲಿಲ್ಲ, ಮಾತು ಬಿಡಲಿಲ್ಲ, ಹುಡುಗಿಗೆ ಹಬ್ಬದ ದಿನ ಒಬ್ಬಟ್ಟನ್ನೂ ಕೊಟ್ಟರು, ಎಲೆಯ ಮೇಲೆ. ಹಿತ್ತಿಲಿನಲ್ಲಿದ್ದದ್ದು ಒಂದು ಕಲ್ಲು. ನರ್ಸಮ್ಮ ಒಗೆದು ಹೋದ ಮೇಲೆ ಮನೆಯೊಡತಿ ಒಗೆಯಲು ಬಂದರೆ, ಮೊದಲು ಕಲ್ಲಿನ ಮೇಲೆ ಒಂದು ಬಿಂದಿಗೆ ನೀರು ಸುರಿಯುತ್ತಿದ್ದರು. ಮೆಲ್ಲಗೆ, ಮೂಲೆಯಿಂದ ಮೂಲೆಗೆ, ಪೂಜೆಯ ತಟ್ಟೆ ತೊಳೆದಂತೆ.

ಅದನ್ನು ಶುಚಿಯ ಅಭ್ಯಾಸವೆಂದು ತಿಳಿಯಲು ನಾನು ಬಹಳ ಪ್ರಯತ್ನಪಟ್ಟೆ. ಗುಂಡ್ಲುಪೇಟೆಯ ಬಾವಿನೀರು ಗಡಸು. ಅಂಥ ನೀರಿನಲ್ಲಿರುವ ಸುಣ್ಣದ, ಮೆಗ್ನೀಸಿಯಂನ ಲವಣಗಳು ಸೋಪಿನೊಡನೆ ಸೇರಿದರೆ ನೊರೆಯೇಳುವ ಬದಲು ಬೂದುಬಣ್ಣದ ಜಿಡ್ಡಾಗಿ ಕಲ್ಲಿಗೆ ಹತ್ತಿಕೊಳ್ಳುತ್ತದೆ. ಹಾಗಾದರೆ ತೊಳೆಯುವುದು ಸರಿಯೇ. ಆದರೆ ಅತಿ ಹೆಚ್ಚು ಜಿಡ್ಡು ಬಿಟ್ಟುಹೋಗುತ್ತಿದ್ದವನು ನಾನು. ಸುಣ್ಣದ ಕಡ್ಡಿಯ ಪುಡಿ ಹಿಡಿದ ಅಂಗಿಗಳನ್ನು ಉಜ್ಜಿ, ಅದೇ ಕಲ್ಲಿನ ಮೇಲೆ ಕನ್ನಡಿಯಿಟ್ಟು ಗಡ್ಡ ಕೆರೆದು, ನೊರೆ ಕೂದಲು ಸಮೇತ ಬಿಟ್ಟು ಕಾಲೇಜಿಗೆ ಓಡುತ್ತಿದ್ದೆ. ನಾನು ಹೋದ ಮೇಲೆ ಮನೆಯೊಡತಿ ಕಲ್ಲಿನ ಮೇಲೆ ಒಂದು ಚೊಂಬು ನೀರನ್ನೂ ಹಾಕಿದ್ದನ್ನು ನಾನು ಕಾಣಲಿಲ್ಲ. ಕೈಯಿಂದ ನೊರೆಯನ್ನು ಸರಿಸಿ ಒಗೆಯಲು ಕೂರುತ್ತಿದ್ದರು. ನನ್ನ ಹೆಸರೇ ನನ್ನ ಸೋಪಾಗಿತ್ತು.

ಇನ್ನು ನರ್ಸಮ್ಮನವರು. ಹಳ್ಳಿಹಳ್ಳಿ ತಿರುಗಿ ಬಾಣಂತಿಯರನ್ನು ನೋಡಿ, ಮಕ್ಕಳಿಗೆ ಚುಚ್ಚುಮದ್ದು ಹಾಕಿ ಸಂಜೆಗೆ ಮರಳುವವರು. ಕುದಿಸಿ ಕೈ ತೊಳೆಯುವುದೇ ಅವರ ವೃತ್ತಿ. ಆ ಹಿತ್ತಿಲಿನಲ್ಲಿ ಶುಚಿಯೆಂದರೇನೆಂದು ತಿಳಿದಿದ್ದವರು ಅವರೊಬ್ಬರೇ. ಹೆಂಗಸರು ತಿಂಗಳ ಬಟ್ಟೆಯನ್ನು ನಾಚಿಕೆಯಿಂದ ಸೀರೆಯ ಕೆಳಗೆ ಮರೆಮಾಡಿ ಒಣಗಿಸುವುದರಿಂದ ರೋಗ ಬರುತ್ತದೆ, ಅದಕ್ಕೆ ಬಿಸಿಲೇ ಆಗಬೇಕು ಎಂದು ಅವರು ಪಕ್ಕದ ಮನೆಯ ಹುಡುಗಿಗೆ ಹೇಳುತ್ತಿದ್ದದ್ದು ಗೋಡೆಯಾಚೆ ಕುಳಿತಿದ್ದ ನನಗೆ ಕೇಳಿಸಿತು. ಆ ಹೊತ್ತಿನವರೆಗೆ ನಾನು ಹಿತ್ತಿಲಿನ ಬಿಸಿಲಿದ್ದ ಹಗ್ಗವನ್ನೆಲ್ಲ ನನ್ನ ಪಂಚೆಗಳಿಂದ ತುಂಬುತ್ತಿದ್ದೆ. ಮಾರನೆಯ ದಿನದಿಂದ ನೆರಳಿನ ತುದಿಗೆ ಹೋದೆ. ಆ ಮನೆಯಲ್ಲಿ ನಾನು ಯಾರ ಕೇಳಿಕೆಯೂ ಇಲ್ಲದೆ ಮಾಡಿದ ಒಳ್ಳೆಯ ಕೆಲಸ ಅದೊಂದೇ.

ಒಂದು ಭಾನುವಾರ ಅವರು ಕೇಳಿಯೇ ಬಿಟ್ಟರು. "ಸಾರ್, ನೀವು ಕಾಲೇಜಿನಲ್ಲಿ ಮಡಿವಾಳ ಮಾಚಯ್ಯನ ಪಾಠ ಮಾಡ್ತೀರಂತೆ, ನಮ್ಮ ಕಡೆ ಹುಡುಗ ಹೇಳ್ದ. ದಿನಾ ಕಲ್ಲಿಗೆ ನೀರು ಬೀಳೋದು ನೀವೂ ನೋಡ್ತಿದ್ದೀರಲ್ಲ. ನೀವು ಅಮ್ಮನವರಿಗೆ ಒಂದು ಮಾತು ಹೇಳಬಹುದಿತ್ತು." ನಾನು ಏನೆಂದೆನೆಂಬುದು ಇಂದಿಗೂ ಅಕ್ಷರಶಃ ನೆನಪಿದೆ. "ವಯಸ್ಸಾದವರು. ಅವರ ಕಾಲದ ಪದ್ಧತಿ. ನಾಲ್ಕು ಜನ ಇರುವ ಕಡೆ ಸ್ವಲ್ಪ ಹೊಂದಿಕೊಂಡು ಹೋಗಬೇಕಾಗುತ್ತದೆ" ಎಂದೆ.

ಹೊಂದಿಕೊಂಡು ಹೋಗುವುದು! ಕೂಡಿ ಬಾಳುವುದನ್ನು ಕುರಿತು ನಮ್ಮಲ್ಲಿ ಯಾರು ಉಪದೇಶ ಮಾಡಿದರೂ ಈ ಮಾತು ಬಂದೇ ಬರುತ್ತದೆ. ಅದನ್ನು ಯಾರಿಗೆ ಹೇಳುತ್ತೇವೆಂಬುದನ್ನು ಗಮನಿಸಿದ್ದೀರಾ? ಬಿಂದಿಗೆ ಹಿಡಿದವರಿಗೆ ನಾನು ಹೇಳಲಿಲ್ಲ. ಹೇಳಿದ್ದರೆ ನನ್ನ ಕೋಣೆ ಹೋಗುತ್ತಿರಲಿಲ್ಲ. ಬೆಳಗಿನ ಕಾಫಿ ಹೋಗುತ್ತಿತ್ತು, ಅಷ್ಟೆ. ಆ ವಾರವೇ ನಾನು ತರಗತಿಯಲ್ಲಿ ಮಂಟೇಸ್ವಾಮಿಯ ಕಥೆಯನ್ನು ಹೇಳಿದ್ದೆ. ನಮ್ಮ ಸೀಮೆಯ ನೀಲಗಾರರು ರಾತ್ರಿಯಿಡೀ ಹಾಡುವ ಆ ಕಾವ್ಯದಲ್ಲಿ ಧರೆಗೆ ದೊಡ್ಡವರು ಮೈತುಂಬ ಹೊಲಸು ಹೊತ್ತು ಕಲ್ಯಾಣದ ಬಾಗಿಲಿಗೆ ಬಂದು, ಮಡಿಯುಟ್ಟ ಶರಣರ ಮೂಗನ್ನೂ ಮನಸ್ಸನ್ನೂ ಪರೀಕ್ಷಿಸುತ್ತಾರೆ. ಹುಡುಗರು ಮೈಮರೆತು ಕೇಳಿದ್ದರು. ಮಹಾಡಿನ ಚೌಡಾರ ಕೆರೆಯ ನೀರನ್ನು 1927ರಲ್ಲಿ ಅಂಬೇಡ್ಕರರು ಕೈಯಲ್ಲೆತ್ತಿ ಕುಡಿದದ್ದನ್ನೂ, ಸಂವಿಧಾನದ 15ನೆಯ ವಿಧಿ ಬಾವಿ, ಕೆರೆ, ಸ್ನಾನಘಟ್ಟಗಳನ್ನು ಹೆಸರಿಟ್ಟು ಕರೆದು ಎಲ್ಲರಿಗೂ ತೆರೆದದ್ದನ್ನೂ ನಾನು ಬಲ್ಲೆ. ಆ ವಿಧಿ ಹೇಳುವುದು ಸಾರ್ವಜನಿಕ ನೀರಿನ ಮಾತು. ವಿಧವೆಯ ಹಿತ್ತಿಲಿನ ಕಲ್ಲಿಗೆ ಕಾನೂನು ಬರುವುದಿಲ್ಲ. ಅಲ್ಲಿಗೆ ಬರಬೇಕಾದವನು ಪಕ್ಕದ ಕೋಣೆಯವನು.

ನರ್ಸಮ್ಮ ನನ್ನ ಮಾತಿಗೆ ಉತ್ತರ ಕೊಡಲಿಲ್ಲ. ಮಾರನೆಯ ಬೆಳಿಗ್ಗೆ ಒಗೆದು ಮುಗಿಸಿದ ಮೇಲೆ ಒಂದು ತೆಂಗಿನ ನಾರನ್ನು ತೆಗೆದುಕೊಂಡು ಕಲ್ಲನ್ನು ಉಜ್ಜಿದರು. ಒಂದು ಬಿಂದಿಗೆ ನೀರು ಸೇದಿ, ಮೂಲೆಯಿಂದ ಮೂಲೆಗೆ ಮೆಲ್ಲಗೆ ಸುರಿದರು. ನಾನು ಬಕೆಟ್ಟು ಹಿಡಿದು ನಿಂತಿದ್ದೆ. "ಬನ್ನಿ ಸಾರ್, ಕಲ್ಲು ತೊಳೆದಿದೆ" ಎಂದರು. ಅಷ್ಟೇ. ಗಡ್ಡದ ಕೂದಲು ಬಿಟ್ಟುಹೋಗಲು ಆ ದಿನ ನನಗೆ ಕೈ ಬರಲಿಲ್ಲ. ಅದೇ ನಾರಿನಿಂದ ಉಜ್ಜಿ, ಒಂದು ಬಿಂದಿಗೆ ನೀರು ಸುರಿದು ಹೋದೆ. ಅವರ ಮಗಳು ಗೊಂಬೆಯ ಲಂಗವನ್ನು ಒಗೆದು ತಾನೂ ಒಂದು ಚೊಂಬು ನೀರು ಹಾಕತೊಡಗಿದಳು.

ನೀರು ಅದೇ ನೀರು, ಬಿಂದಿಗೆಯೂ ಅಷ್ಟೇ ಗಾತ್ರದ್ದು. ಬರುವವರು ಸುರಿದರೆ ಹೋದವರಿಗೆ ಅವಮಾನ. ಹೋಗುವವರು ಸುರಿದರೆ ಬರುವವರಿಗೆ ಆದರ. ನಲವತ್ತು ವರ್ಷದಿಂದ ನನಗೆ ಆ ಕಲ್ಲು ಮತ್ತೆ ಮತ್ತೆ ನೆನಪಾಗುವುದು ಇದಕ್ಕಾಗಿ.

ಮನೆಯೊಡತಿಯ ಮನಸ್ಸು ಕರಗಿತೆಂದು ಹೇಳಿದರೆ ಕಥೆ ಚೆನ್ನಾಗಿರುತ್ತಿತ್ತು. ಹಾಗಾಗಲಿಲ್ಲ. ನರ್ಸಮ್ಮ ತೊಳೆದುಹೋದ ಕಲ್ಲನ್ನು ಅವರು ಮತ್ತೊಮ್ಮೆ ತೊಳೆಯುತ್ತಿದ್ದರು. ಎರಡು ತಿಂಗಳು ಆ ಕಲ್ಲು ತಾಲ್ಲೂಕಿನಲ್ಲಿಯೇ ಅತ್ಯಂತ ಶುಭ್ರವಾದ ಕಲ್ಲಾಗಿತ್ತು. ಆಮೇಲೆ ಬೇಸಿಗೆ ಬಂತು. ಬಾವಿ ಇಳಿಯಿತು, ಬಿಂದಿಗೆ ಸೇದಲು ಹಗ್ಗಕ್ಕೆ ಹಗ್ಗ ಗಂಟು ಹಾಕಬೇಕಾಯಿತು. ಅವರಿಗೆ ಸೊಂಟನೋವು. ಒಂದು ಬೆಳಿಗ್ಗೆ ಅವರು ಬಂದು ಕಲ್ಲನ್ನು ನೋಡಿದರು, ಬಾವಿಯನ್ನು ನೋಡಿದರು, ಕುಳಿತು ಒಗೆಯಲಾರಂಭಿಸಿದರು. ಮಳೆಗಾಲದಲ್ಲಿ ನೀರು ಮೇಲೆ ಬಂದ ಮೇಲೂ ಹಳೆಯ ಪದ್ಧತಿ ಮರಳಲಿಲ್ಲ. ಅದು ಮರೆವೋ, ಸೋಮಾರಿತನವೋ, ಮತ್ತೇನೋ, ನಾನು ಅವರನ್ನು ಕೇಳಲಿಲ್ಲ. 1988ರಲ್ಲಿ ನರ್ಸಮ್ಮನಿಗೆ ವರ್ಗವಾಯಿತು. ಗಾಡಿಗೆ ಸಾಮಾನು ಹೇರುವಾಗ ನಾನು ಕ್ಷಮೆ ಕೇಳಬೇಕೆಂದಿದ್ದೆ. ಒಲೆಯ ಕಬ್ಬಿಣವನ್ನು ಎತ್ತಿಕೊಡುವುದರಲ್ಲಿಯೇ ಹೊತ್ತು ಹೋಯಿತು.

ಇದೆಲ್ಲ ಹಳೆಯ ಮಾತಾಯಿತು, ಈಗ ಯಂತ್ರಗಳ ಕಾಲ ಎನ್ನಬಹುದು. 2018ರಲ್ಲಿ ಮಗಳ ಮನೆಗೆಂದು ಸ್ವೀಡನ್ನಿಗೆ ಹೋಗಿದ್ದೆ. ಅಲ್ಲಿ ದೊಡ್ಡ ದೊಡ್ಡ ವಸತಿಗಳಲ್ಲಿ ಹಲವು ಮನೆಗಳಿಗೆ ಸೇರಿ ನೆಲಮಾಳಿಗೆಯಲ್ಲಿ ಒಂದು ಒಗೆಯುವ ಕೋಣೆ, 'ತ್ವೆಟ್‌ಸ್ತೂಗ' ಎನ್ನುತ್ತಾರೆ. ಗೋಡೆಯ ಮೇಲೆ ದಿನ ಗಂಟೆಗಳನ್ನು ಬರೆದ ಹಲಗೆ. ಪ್ರತಿ ಮನೆಗೂ ಒಂದು ಪುಟ್ಟ ಬೀಗ; ಅದನ್ನು ಬೇಕಾದ ಹೊತ್ತಿನ ತೂತಿಗೆ ಸಿಕ್ಕಿಸಿದರೆ ಆ ಹೊತ್ತು ನಿಮ್ಮದು. ನನಗೆ ಆಷಾಢದ ತೇರಿನ ಮಾರನೆಯ ದಿನದ ಬಕೆಟ್ಟುಗಳು ನೆನಪಾದವು. ಮುಖಕ್ಕೆ ಮುಖ ಕೊಟ್ಟು ಜಗಳವಾಡದ ಆ ಜನ ಸಿಟ್ಟನ್ನೆಲ್ಲ ಚೀಟಿಯಲ್ಲಿ ಬರೆದು ಯಂತ್ರದ ಮೇಲೆ ಅಂಟಿಸುತ್ತಾರಂತೆ. ಅಂಥ ಚೀಟಿಗಳದೇ ಅಲ್ಲಿ ಒಂದು ಸಾಹಿತ್ಯಪ್ರಕಾರ. ಬಟ್ಟೆ ಒಣಗಿಸುವ ಯಂತ್ರದಲ್ಲಿ ದೂಳಿನಂಥ ನೂಲಿನ ಜುಂಗು ಕಟ್ಟಿಕೊಳ್ಳುವ ಒಂದು ಜರಡಿಯಿದೆ. ಅದನ್ನು ಹೋಗುವವರು ಕೆರೆದು ಸ್ವಚ್ಛಮಾಡಿ ಹೋಗಬೇಕು. ಮಗಳು ಬೆರಳಿನಿಂದ ಅದನ್ನು ಕೆರೆಯುವುದನ್ನು ನೋಡುತ್ತಾ ನಾನು, "ಒಂದು ಬಿಂದಿಗೆ ನೀರು" ಎಂದೆ. ಅವಳಿಗೆ ಅರ್ಥವಾಗಲಿಲ್ಲ; ಆ ರಾತ್ರಿ ಈ ಕಥೆಯನ್ನು ಮೊದಲ ಬಾರಿಗೆ ಹೇಳಿದೆ. "ಆಮೇಲೆ ನೀವು ಅವರನ್ನು ಹುಡುಕಲಿಲ್ಲವಾ?" ಎಂದು ಕೇಳಿದಳು. ಇಲ್ಲವೆಂದೆ.

ನಿವೃತ್ತನಾದ ಮೇಲೆ ಚಾಮರಾಜನಗರಕ್ಕೆ ಮರಳಿ ಮನೆಯ ಮಹಡಿಯನ್ನು ಓದುವ ಹುಡುಗರಿಗೆ ಬಾಡಿಗೆಗೆ ಕೊಟ್ಟಿದ್ದೇನೆ. 2016ರಲ್ಲಿ ಇಲ್ಲಿ ವೈದ್ಯಕೀಯ ಕಾಲೇಜು ಆರಂಭವಾದಂದಿನಿಂದ ಕೋಣೆ ಹುಡುಕುವ ಹುಡುಗರಿಗೆ ಕಡಿಮೆಯಿಲ್ಲ. ಮೊದಲ ತಂಡ ಬಂದಾಗ ನನ್ನ ನಾಲಿಗೆ ತಾನಾಗಿ ತೊಡಗಿತು: "ಯಾವ ಊರಪ್ಪಾ?" ಹುಡುಗ ಹೇಳಿದ. "ಊರಲ್ಲಿ ಯಾವ ಬೀದಿ?" ಎಂದು ಕೇಳುವುದರಲ್ಲಿದ್ದೆ. ನಮ್ಮ ಕಡೆಯ ಹಳ್ಳಿಗಳಲ್ಲಿ ಬೀದಿ ಕೇಳಿದರೆ ಬೇರೇನನ್ನೂ ಕೇಳಬೇಕಾಗಿಲ್ಲವೆಂಬುದು ಕೇಳುವವರಿಗೂ ಗೊತ್ತು, ಹೇಳುವವರಿಗೂ ಗೊತ್ತು. ಹುಡುಗ ಆ ಪ್ರಶ್ನೆಗಾಗಿ ಕಾಯುತ್ತಾ ನಿಂತಿದ್ದ. ಅವನ ಮುಖದಲ್ಲಿ ಅದು ಕಾಣುತ್ತಿತ್ತು. "ಮೂರು ಜನಕ್ಕೆ ಒಂದೇ ಒಗೆಯುವ ಯಂತ್ರ, ಪರವಾಗಿಲ್ಲವೇ?" ಎಂದು ಮಾತು ತಿರುಗಿಸಿದೆ. ನಮ್ಮ ಹತ್ತಿರದ ನೆಂಟರೊಬ್ಬರು ಬಂದಾಗಲೆಲ್ಲ, "ಮೇಲಿರುವವರು ಯಾವ ಪೈಕಿ?" ಎಂದು ಕೇಳುತ್ತಾರೆ. ನನಗೆ ನಿಜವಾಗಿಯೂ ಗೊತ್ತಿಲ್ಲ. ಗೊತ್ತಿಲ್ಲವೆಂದರೆ ಅವರು ನಂಬುವುದಿಲ್ಲ.

ಆ ಹುಡುಗರೇನೂ ದೇವತೆಗಳಲ್ಲ. ಒಬ್ಬ ಬಟ್ಟೆ ಹಾಕಿ ಯಂತ್ರ ನಿಂತ ಮೇಲೂ ಅರ್ಧ ದಿನ ತೆಗೆಯುವುದಿಲ್ಲ. ಇನ್ನೊಬ್ಬ ಅದನ್ನು ತೆಗೆದು ನೆಲದ ಮೇಲೆ ಸುರಿಯುತ್ತಾನೆ. ಜಗಳ ನನ್ನ ಬಳಿಗೆ ಬರುತ್ತದೆ. ಮೊನ್ನೆ ಮೇಲೆ ಸದ್ದಾಯಿತೆಂದು ಹತ್ತಿ ನೋಡಿದೆ. ಹೊಸದಾಗಿ ಬಂದ ಹುಡುಗನೊಬ್ಬ ಬಗ್ಗಿ ಯಂತ್ರದ ಬಾಗಿಲಿನ ರಬ್ಬರ್ ಪಟ್ಟಿಯನ್ನು ಹಳೆಯ ಬನಿಯನ್ನಿನಿಂದ ಒರೆಸುತ್ತಿದ್ದ. ಒರೆಸಿ, ಒಳಗೆ ಬೂಷ್ಟು ಹಿಡಿಯದಿರಲೆಂದು ಬಾಗಿಲನ್ನು ಸ್ವಲ್ಪ ತೆರೆದೇ ಬಿಟ್ಟ. ಯಾರು ಹೇಳಿಕೊಟ್ಟರು ಎಂದು ಕೇಳಿದೆ. "ನಮ್ಮಮ್ಮ ಹಾಸ್ಟೆಲಿನಲ್ಲಿ ಕೆಲಸ ಮಾಡ್ತಾರೆ ಸಾರ್" ಎಂದ. ಆಮೇಲೆ ನೀರು ಸಣ್ಣಗೆ ಬರುತ್ತಿದೆ ಎಂದ. ನಾನು ಕೆಳಗಿಳಿದು ಬಂದು ಮೋಟಾರು ಹಾಕಿದೆ.